ತೊಗಲಿನವನ ಮಗ ಗ್ರಾಂಟ್ ಮತ್ತು ನಾವು

ತೊಗಲಿನ ವಾಸನೆ ಏನೆಂದು ಗೊತ್ತಿದ್ದವನೊಬ್ಬ ಅಮೆರಿಕದ ಅಧ್ಯಕ್ಷನಾಗಿದ್ದ. ಹೆಸರು ಯುಲಿಸಿಸ್ ಗ್ರಾಂಟ್. 1869ರಿಂದ 1877ರವರೆಗೆ ಎಂಟು ವರ್ಷ ಆಳಿದ. ನಾವು ಓದಿದ ಪಠ್ಯಪುಸ್ತಕಗಳಲ್ಲಿ ಅವನಿರಲಿಲ್ಲ. ಅಲ್ಲಿ ಲಿಂಕನ್ ಇದ್ದ. ಲಿಂಕನ್ ಗುಲಾಮರನ್ನು ಬಿಡಿಸಿದ, ಗುಂಡೇಟು ತಿಂದು ಸತ್ತ, ಪಾಠ ಮುಗೀತು. ಮೇಷ್ಟ್ರು ಪುಸ್ತಕ ಮಡಿಚಿ ಹೊರಟುಬಿಟ್ಟರು. ಬಿಡುಗಡೆಯಾದ ಆ ನಲವತ್ತು ಲಕ್ಷ ಜನ ಮಾರನೆಯ ದಿನ ಏನು ಉಂಡರು, ಯಾರ ಹೊಲದಲ್ಲಿ ದುಡಿದರು, ಹಳೇ ಧಣಿ ಅವರನ್ನು ಸುಮ್ಮನೆ ಬಿಟ್ಟನೇ? ಇದನ್ನು ಕೇಳಬೇಕು ಅಂತ ಅನ್ನಿಸಿದ್ದು ಹಿಂದಿನ ಬೆಂಚಿನಲ್ಲಿ ಕೂತಿದ್ದ ನಮಗೆ ಮಾತ್ರ.

ಅನ್ನಿಸಲು ಕಾರಣವಿತ್ತು. ನಮ್ಮ ದೇಶದಲ್ಲಿ 1976ರಲ್ಲಿ ಜೀತ ರದ್ದಿನ ಕಾನೂನು ಬಂತು. ನಮ್ಮಜ್ಜ ಅದಾದ ಮೇಲೂ ಎಷ್ಟೋ ವರ್ಷ ಅದೇ ಕೊಟ್ಟಿಗೆಯಲ್ಲಿ ಸಗಣಿ ಬಾಚಿದ. ಕಾನೂನು ಊರಿಗೆ ಬಂದಿತ್ತು, ಕೇರಿಗೆ ಬರಲಿಲ್ಲ. ಆದ್ದರಿಂದ ಯಾರಾದರೂ 'ಕಾನೂನು ಬಂತು, ಬಿಡುಗಡೆ ಆಯ್ತು' ಎಂದರೆ ನಾವು ತಕ್ಷಣ ಕೇಳುವುದು ಒಂದೇ ಮಾತು: ಬಂದ ಕಾನೂನನ್ನು ನಡೆಸಿದವರು ಯಾರು? ಗ್ರಾಂಟನ ಕತೆ ನಮಗೆ ಬೇಕಾದದ್ದು ಈ ಪ್ರಶ್ನೆಗಾಗಿ. ಅವನ ಎಂಟು ವರ್ಷದಲ್ಲಿ ಕಾನೂನು ನಡೆದದ್ದೂ ಉಂಟು, ಕಾನೂನು ಕಣ್ಣೆದುರೇ ಸತ್ತದ್ದೂ ಉಂಟು.

ಗ್ರಾಂಟ್ ಹುಟ್ಟಿದ್ದು 1822ರ ಏಪ್ರಿಲ್ 27ರಂದು, ಓಹಿಯೋ ರಾಜ್ಯದ ಪಾಯಿಂಟ್ ಪ್ಲೆಸೆಂಟ್ ಎಂಬ ಸಣ್ಣ ಊರಲ್ಲಿ. ಅಪ್ಪ ಜೆಸ್ಸಿ ಗ್ರಾಂಟ್ ತೊಗಲು ಹದ ಮಾಡುವವನು. ಓಕ್ ಮರದ ತೊಗಟೆ ಅರೆದು, ಗುಂಡಿಯಲ್ಲಿ ನೆನೆಸಿ, ಹಸಿ ಚರ್ಮವನ್ನು ಹದಕ್ಕೆ ತರುವ ಕಸುಬು. ಹುಡುಗನಿಗೆ ಆ ಕಸುಬೆಂದರೆ ಆಗದು. ರಕ್ತ ಕಂಡರೆ, ಆ ನಾತ ಬಡಿದರೆ ಓಡಿಹೋಗುತ್ತಿದ್ದ. ಅವನಿಗೆ ಇಷ್ಟವಾದದ್ದು ಕುದುರೆ ಮಾತ್ರ.

ನಮ್ಮ ಕೇರಿಯಲ್ಲೂ ಆ ಕಸುಬಿತ್ತು. ಸುಣ್ಣದ ಗುಂಡಿ, ತಂಗಡಿ ತೊಗಟೆಯ ನೀರು, ಎಷ್ಟು ಉಜ್ಜಿದರೂ ಬಿಡದ ಕೈಯ ಬಣ್ಣ. ಇದೆಲ್ಲ ನಮ್ಮಜ್ಜಿ ಹೇಳಿದ್ದು. ಆದರೆ ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಜೆಸ್ಸಿ ಗ್ರಾಂಟ್ ಬಿಳಿಯ. ಅವನಿಗೆ ತೊಗಲು ಒಂದು ವ್ಯಾಪಾರ. ಅದರಲ್ಲಿ ದುಡ್ಡು ಮಾಡಿದ, ಅಂಗಡಿ ಇಟ್ಟ, ಮಗನನ್ನು ಸೈನಿಕ ಶಾಲೆಗೆ ಕಳಿಸಿದ. ಅವನ ಕೈ ಮುಟ್ಟಿದ ನೀರನ್ನು ಯಾರೂ ಚೆಲ್ಲಲಿಲ್ಲ. ನಮ್ಮವರಿಗೆ ಅದು ಕಸುಬಾಗಿರಲಿಲ್ಲ, ಹಣೆಗೆ ಬಡಿದ ಮೊಳೆಯಾಗಿತ್ತು. ಅದೇ ಚರ್ಮ, ಅದೇ ತೊಗಟೆ, ಅದೇ ನಾತ. ಅಲ್ಲಿ ಅದು ಒಬ್ಬನನ್ನು ಸಾಹುಕಾರನನ್ನಾಗಿ ಮಾಡಿತು, ಇಲ್ಲಿ ಊರಾಚೆ ಇಟ್ಟಿತು. ಕೀಳು ಇರುವುದು ಕೆಲಸದಲ್ಲಲ್ಲ, ಕೀಳೆಂದು ಕರೆಯುವ ವ್ಯವಸ್ಥೆಯಲ್ಲಿ. ಇದಕ್ಕೆ ಬೇರೆ ಸಾಕ್ಷಿ ಬೇಕೇ?

ಈ ಜೆಸ್ಸಿಯ ಬಗ್ಗೆ ಇನ್ನೊಂದು ಸಂಗತಿ. ಎಳೆ ವಯಸ್ಸಿನಲ್ಲಿ ಅವನು ತೊಗಲಿನ ಕೆಲಸಕ್ಕೆಂದು ಓವನ್ ಬ್ರೌನ್ ಎಂಬುವನ ಮನೆಯಲ್ಲಿದ್ದ. ಆ ಮನೆಯ ಹುಡುಗನೇ ಜಾನ್ ಬ್ರೌನ್. ಗುಲಾಮರ ಕೈಗೆ ಕೋವಿ ಕೊಡಬೇಕೆಂದು 1859ರಲ್ಲಿ ಹಾರ್ಪರ್ಸ್ ಫೆರಿಯ ಮದ್ದಿನ ಮನೆಗೆ ನುಗ್ಗಿ, ಅದೇ ಡಿಸೆಂಬರಿನಲ್ಲಿ ನೇಣಿಗೇರಿದ ಜಾನ್ ಬ್ರೌನ್. ಅಪ್ಪನಿಗೆ ಗುಲಾಮಗಿರಿ ಎಂದರೆ ಸಿಟ್ಟು. ಮಗ ಮಾತ್ರ 1848ರಲ್ಲಿ ಮಿಸೌರಿಯ ಗುಲಾಮರ ಒಡೆಯನ ಮಗಳನ್ನೇ ಮದುವೆಯಾದ.

ಗ್ರಾಂಟ್ ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯಲ್ಲಿ ಕಲಿತ. ಮೆಕ್ಸಿಕೋ ಮೇಲಿನ ಯುದ್ಧದಲ್ಲಿ ಕಾದಾಡಿದ. ಬಲಿಷ್ಠ ದೇಶವೊಂದು ದುರ್ಬಲ ದೇಶದ ಮೇಲೆ ಮಾಡಿದ ಅತ್ಯಂತ ಅನ್ಯಾಯದ ಯುದ್ಧಗಳಲ್ಲಿ ಅದೊಂದು ಎಂದು ಮುಂದೆ ತಾನೇ ಬರೆದ. 1854ರಲ್ಲಿ ಸೈನ್ಯ ಬಿಟ್ಟು ಬಂದ ಮೇಲೆ ಅವನದು ಸೋತ ಬಾಳು. ಮಾವನ ಜಮೀನಿನಲ್ಲಿ ಬೇಸಾಯ, ಕೈಗೆ ಹತ್ತಲಿಲ್ಲ. ಸೇಂಟ್ ಲೂಯಿಸ್ ಪಟ್ಟಣದ ಬೀದಿಗಳಲ್ಲಿ ಸೌದೆ ಮಾರಿದ. 1857ರ ಡಿಸೆಂಬರಿನಲ್ಲಿ ಕ್ರಿಸ್‌ಮಸ್ ಹಬ್ಬಕ್ಕೆ ಎರಡು ದಿನ ಮುಂಚೆ ಚಿನ್ನದ ಗಡಿಯಾರವನ್ನು ಇಪ್ಪತ್ತೆರಡು ಡಾಲರಿಗೆ ಗಿರವಿ ಇಟ್ಟ. ಗಿರವಿ ಅಂಗಡಿಯ ಮೆಟ್ಟಿಲು ಹತ್ತಿದವರಿಗೆ ಆ ಕಾಲಿನ ಭಾರ ಎಷ್ಟೆಂದು ಗೊತ್ತು.

ಆ ದಿನಗಳಲ್ಲಿ ಅವನ ಹತ್ತಿರ ಒಬ್ಬ ಗುಲಾಮನಿದ್ದ. ಹೆಸರು ವಿಲಿಯಂ ಜೋನ್ಸ್. ಮಾವನಿಂದ ಬಂದವನು. ಮಾರಿದ್ದರೆ ಗ್ರಾಂಟನ ಸಾಲ ತೀರಿ ಮನೆಗೂ ಒಂದಷ್ಟು ಉಳಿಯುತ್ತಿತ್ತು. ಮಾರಲಿಲ್ಲ. 1859ರ ಮಾರ್ಚಿ 29ರಂದು ಕೋರ್ಟಿಗೆ ಹೋಗಿ ಅವನ ಬಿಡುಗಡೆಯ ಪತ್ರಕ್ಕೆ ಸಹಿ ಹಾಕಿದ. ಇದನ್ನು ದೊಡ್ಡತನವೆಂದು ಎತ್ತಿ ಮೆರೆಸುವುದಕ್ಕೆ ನಮಗೆ ಮನಸ್ಸಿಲ್ಲ. ಮನುಷ್ಯನೊಬ್ಬನನ್ನು ಇಟ್ಟುಕೊಂಡದ್ದೇ ತಪ್ಪು, ಬಿಟ್ಟದ್ದು ಉಪಕಾರವಲ್ಲ. ಆದರೂ ಬಡತನ ಕುತ್ತಿಗೆಗೆ ಬಂದಾಗ ಇನ್ನೊಬ್ಬನ ಮೈ ಮಾರಿ ಬದುಕಲಿಲ್ಲ ಎಂಬುದನ್ನು ಬರೆದಿಡಬೇಕು. ಮರುವರ್ಷ ಅವನು ಇಲಿನಾಯ್‌ನ ಗಲೀನಾ ಊರಿಗೆ ಹೋಗಿ, ಎಳವೆಯಲ್ಲಿ ಹೇಸಿದ್ದ ಅದೇ ತೊಗಲಿನ ಅಂಗಡಿಯಲ್ಲಿ ತಮ್ಮಂದಿರ ಜೊತೆ ಕೆಲಸಕ್ಕೆ ನಿಂತ.

1861ರಲ್ಲಿ ಯುದ್ಧ ಹೊತ್ತಿಕೊಂಡಿತು. ಅಂಗಡಿಯ ಗುಮಾಸ್ತ ಮೂರೇ ವರ್ಷದಲ್ಲಿ ಇಡೀ ಸೈನ್ಯದ ದಂಡನಾಯಕನಾದ. 1862ರಲ್ಲಿ ಡೊನೆಲ್ಸನ್ ಕೋಟೆ, 1863ರ ಜುಲೈ 4ರಂದು ನಲವತ್ತೇಳು ದಿನಗಳ ಮುತ್ತಿಗೆಯ ಮೇಲೆ ವಿಕ್ಸ್‌ಬರ್ಗ್, 1865ರ ಏಪ್ರಿಲ್ 9ರಂದು ಅಪೊಮ್ಯಾಟಕ್ಸ್. ಅಲ್ಲಿ ಗುಲಾಮರ ಒಡೆಯರ ಸೇನಾಪತಿ ಲೀ ಶರಣಾದ. ಶರಣಾಗತಿಯ ಕರಾರನ್ನು ಶುದ್ಧಪ್ರತಿ ಬರೆದ ಕೈ ಈಲಿ ಪಾರ್ಕರ್‌ನದು. ಸೆನೆಕಾ ಬುಡಕಟ್ಟಿನವನು.

ಈ ಗೆಲುವನ್ನು ಒಬ್ಬ ಗ್ರಾಂಟನ ಲೆಕ್ಕಕ್ಕೆ ಬರೆದರೆ ಅದು ರಾಜರ ಚರಿತ್ರೆಯಾಗುತ್ತದೆ, ಜನರ ಚರಿತ್ರೆಯಾಗುವುದಿಲ್ಲ. ಸೈನ್ಯ ಹತ್ತಿರ ಬಂದ ಕಡೆಯಲ್ಲೆಲ್ಲ ಗುಲಾಮರು ಹತ್ತಿ ಹೊಲಗಳನ್ನು ಬಿಟ್ಟು, ಮಕ್ಕಳನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು ನಿಂತರು. ಯಾರ ಅಪ್ಪಣೆಗೂ ಕಾಯಲಿಲ್ಲ. 1862ರ ಚಳಿಯಲ್ಲಿ ಗ್ರಾಂಟನ ಪಾಳೆಯದ ಮುಂದೆ ಹೀಗೆ ಬಂದವರಿಗಾಗಿ ಅವನು ಶಿಬಿರ ಮಾಡಿಸಿದ, ದುಡಿದದ್ದಕ್ಕೆ ಕೂಲಿ ಕೊಡಿಸಿದ. ಮುಂದೆ ಸುಮಾರು ಒಂದು ಲಕ್ಷ ಎಂಬತ್ತು ಸಾವಿರ ಕಪ್ಪು ಗಂಡಸರು ಆ ಸೈನ್ಯದಲ್ಲಿ ಕೋವಿ ಹಿಡಿದರು. ಇದು ಶತ್ರುವಿಗೆ ಬಿದ್ದ ಅತಿ ದೊಡ್ಡ ಏಟು ಎಂದು ಗ್ರಾಂಟ್ 1863ರಲ್ಲಿ ಲಿಂಕನ್‌ಗೆ ಬರೆದ. 1864ರ ಅಕ್ಟೋಬರಿನಲ್ಲಿ ಲೀ ಕೈದಿಗಳ ಅದಲುಬದಲಿಗೆ ಕೇಳಿಕೊಂಡ. ಕಪ್ಪು ಸಿಪಾಯಿಗಳನ್ನೂ ಬಿಳಿಯರ ಸಮಕ್ಕೆ ಬಿಡುತ್ತೀಯಾ ಎಂದು ಗ್ರಾಂಟ್ ಕೇಳಿದ. ಅವರು ನಮ್ಮ ಪ್ರಜೆಗಳ ಸ್ವತ್ತು, ಬಿಡುವುದಿಲ್ಲ ಎಂದು ಉತ್ತರ ಬಂತು. ಹಾಗಾದರೆ ಅದಲುಬದಲೇ ಬೇಡ ಎಂದ ಗ್ರಾಂಟ್. ಸಮವಸ್ತ್ರ ಹಾಕಿದ ಮೇಲೆ ಎಲ್ಲರೂ ಸಿಪಾಯಿಗಳೇ, ಅದರಲ್ಲಿ ಜಾತಿ ಬೇಡ ಎಂಬ ಈ ಹಟ ನಮಗೆ ಹಿಡಿಸುತ್ತದೆ.

ಲಿಂಕನ್ ಸತ್ತ ಮೇಲೆ ಕುರ್ಚಿಗೆ ಬಂದವನು ಆಂಡ್ರೂ ಜಾನ್ಸನ್. ಅವನೂ ಬಡವ, ದರ್ಜಿಯಾಗಿದ್ದವನು. ಬಡವನಾಗಿ ಹುಟ್ಟಿದವನೆಲ್ಲ ಬಡವರ ಪರ ಎಂದು ನಂಬುವವರು ಅವನ ಕತೆ ಓದಬೇಕು. ಕಪ್ಪು ಜನರ ಹಕ್ಕಿನ ಮಸೂದೆಗಳನ್ನು ಒಂದೊಂದಾಗಿ ತಿರಸ್ಕರಿಸಿದ, ಹಳೇ ಧಣಿಗಳಿಗೆ ಕ್ಷಮೆಯ ಪತ್ರ ಹಂಚಿದ. 1868ರ ಚುನಾವಣೆಯಲ್ಲಿ ಗ್ರಾಂಟ್ ಗೆದ್ದದ್ದು ಸುಮಾರು ಮೂರು ಲಕ್ಷ ಮತಗಳ ಅಂತರದಿಂದ. ಅದಕ್ಕಿಂತ ಹೆಚ್ಚು ಕಪ್ಪು ಮತಗಳು ಅವನಿಗೆ ಬಿದ್ದಿದ್ದವು ಎಂಬುದು ಚರಿತ್ರಕಾರರ ಅಂದಾಜು. ನಿನ್ನೆಯವರೆಗೆ ಸಂತೆಯಲ್ಲಿ ಮಾರಾಟವಾಗುತ್ತಿದ್ದವರು ಅಧ್ಯಕ್ಷನನ್ನು ಆರಿಸಿದರು ನೋಡಿ!

1870ರಲ್ಲಿ ಸಂವಿಧಾನದ ಹದಿನೈದನೆಯ ತಿದ್ದುಪಡಿ ಬಂತು. ಬಣ್ಣದ ಕಾರಣಕ್ಕೆ, ಹಿಂದೆ ಗುಲಾಮನಾಗಿದ್ದ ಎಂಬ ಕಾರಣಕ್ಕೆ ಮತದ ಹಕ್ಕು ಕೀಳುವಂತಿಲ್ಲ. ಹಕ್ಕು ಸಿಕ್ಕಿದ್ದು ಗಂಡಸರಿಗೆ ಮಾತ್ರ. ಹತ್ತಿ ಹೊಲದಲ್ಲಿ ಅವರ ಸಮಕ್ಕೆ ಬೆನ್ನು ಬಗ್ಗಿಸಿದ ಹೆಂಗಸರು ಹೊರಗೇ ಉಳಿದರು. ಅದೇ ವರ್ಷ ಮಿಸಿಸಿಪ್ಪಿಯ ಹೈರಮ್ ರೆವೆಲ್ಸ್ ಸೆನೆಟ್ ಹೊಕ್ಕ ಮೊದಲ ಕಪ್ಪು ಮನುಷ್ಯನಾದ. ಗುಲಾಮನಾಗಿ ಹುಟ್ಟಿದ್ದ ಜೋಸೆಫ್ ರೇನಿ ಕೆಳಮನೆಯಲ್ಲಿ ಕೂತ.

ಧಣಿಗಳು ಇದನ್ನು ನೋಡಿಕೊಂಡು ಸುಮ್ಮನಿರುತ್ತಾರೆಯೇ? ಕು ಕ್ಲಕ್ಸ್ ಕ್ಲಾನ್ ಎಂಬ ಮುಸುಕಿನ ಗುಂಪು ರಾತ್ರಿ ಹೊತ್ತು ಕುದುರೆ ಏರಿ ಬಂತು. ಮತ ಹಾಕಿದವನಿಗೆ ಚಾಟಿ, ಶಾಲೆಗೆ ಬೆಂಕಿ, ಮುಂದಾಳಿಗೆ ಗುಂಡು. ಊರಿನ ಪೊಲೀಸ್ ಅವರವನೇ, ಜಡ್ಜ್ ಅವರವನೇ, ಪಂಚರೂ ಅವರವರೇ. ಸಾಕ್ಷಿ ಹೇಳುವ ಧೈರ್ಯ ಯಾರಿಗಿದೆ? ಈ ಮಾತನ್ನು ನಮ್ಮ ಓದುಗರಿಗೆ ನಾವು ವಿವರಿಸಬೇಕಾದ್ದಿಲ್ಲ.

ಇಲ್ಲಿ ಗ್ರಾಂಟ್ ಮಾಡಿದ್ದೇ ಅವನ ಬಾಳಿನ ದೊಡ್ಡ ಕೆಲಸ. ಯುದ್ಧಕ್ಕಿಂತ ದೊಡ್ಡದು. 1870ರಲ್ಲಿ ಕೇಂದ್ರದ ನ್ಯಾಯ ಇಲಾಖೆ ಹುಟ್ಟಿತು. 1871ರ ಏಪ್ರಿಲಿನಲ್ಲಿ ಕ್ಲಾನ್ ವಿರುದ್ಧದ ಕಾನೂನು ಬಂತು. ಆ ಅಕ್ಟೋಬರಿನಲ್ಲಿ ದಕ್ಷಿಣ ಕೆರೊಲಿನಾದ ಒಂಬತ್ತು ಜಿಲ್ಲೆಗಳಲ್ಲಿ ಹೇಬಿಯಸ್ ಕಾರ್ಪಸ್ ತಡೆಹಿಡಿದು ಸೈನ್ಯ ಇಳಿಸಿದ. ನೂರಾರು ಜನರನ್ನು ಹಿಡಿದರು. ಮೊಕದ್ದಮೆ ನಡೆಸಿದ ಅಟಾರ್ನಿ ಜನರಲ್ ಏಮಸ್ ಆಕರ್ಮನ್ ಒಂದು ಕಾಲಕ್ಕೆ ಗುಲಾಮರ ಒಡೆಯರ ಸೈನ್ಯದಲ್ಲಿ ಇದ್ದವನೇ. ಆದರೆ ಕ್ಲಾನಿನ ಪಾಲಿಗೆ ಅವನೇ ಯಮನಾದ. ಅಲ್ಲಿನ ಕೋರ್ಟಿನಲ್ಲಿ ಪಂಚರ ಪೀಠದಲ್ಲಿ ಕೂತವರಲ್ಲಿ ಹೆಚ್ಚಿನವರು ಕಪ್ಪು ಜನ. ಹಿಂದಿನ ವರ್ಷ ಮುಸುಕು ಹಾಕಿಕೊಂಡು ಬಂದವನು ಈಗ ಬರಿಮುಖದಲ್ಲಿ ಅವರೆದುರು ನಿಲ್ಲಬೇಕಾಯಿತು. 1872ರ ಹೊತ್ತಿಗೆ ಕ್ಲಾನಿನ ಬೆನ್ನುಮೂಳೆ ಮುರಿಯಿತು. 'ಜನರ ಮನಸ್ಸು ಬದಲಾಗಬೇಕು, ಕಾನೂನಿನಿಂದ ಏನೂ ಆಗೊಲ್ಲ' ಎಂದು ವೇದಾಂತ ಹೇಳುವವರು ಈ ಎರಡು ವರ್ಷ ನೋಡಲಿ. ಮನಸ್ಸು ಬದಲಾಗಿರಲಿಲ್ಲ. ಆದರೂ ಕೈ ಕಟ್ಟಿಹೋಗಿತ್ತು.

ಆಮೇಲೆ ಏನಾಯಿತು? ಪ್ರಭುತ್ವಕ್ಕೆ ದಣಿವಾಯಿತು. 1871ರ ಡಿಸೆಂಬರಿನಲ್ಲೇ ಗ್ರಾಂಟ್ ಆಕರ್ಮನ್‌ನ ರಾಜೀನಾಮೆ ಕೇಳಿದ. 1873ರಲ್ಲಿ ಬ್ಯಾಂಕುಗಳು ಮುಳುಗಿ ದೇಶವೆಲ್ಲ ಆರ್ಥಿಕ ಕುಸಿತಕ್ಕೆ ಸಿಕ್ಕಿತು. ಉತ್ತರದ ಬಿಳಿಯರಿಗೆ ದಕ್ಷಿಣದ ಕಪ್ಪು ಜನರ ಗೋಳು ಹಳೆಯದಾಗತೊಡಗಿತು. ಆ ವರ್ಷದ ಏಪ್ರಿಲ್ 13, ಈಸ್ಟರ್ ಭಾನುವಾರ, ಲೂಸಿಯಾನಾದ ಕೋಲ್‌ಫ್ಯಾಕ್ಸ್ ಊರಿನ ಕಚೇರಿಯನ್ನು ಕಾಯುತ್ತಿದ್ದ ಕಪ್ಪು ಜನರ ಮೇಲೆ ಬಿಳಿಯರು ಫಿರಂಗಿ ತಂದು ಬಿದ್ದರು. ಶರಣಾದವರನ್ನೂ ಸಾಲಾಗಿ ಕೊಂದರು. ಸತ್ತವರ ಲೆಕ್ಕ ಅರವತ್ತು ಎನ್ನುವವರಿದ್ದಾರೆ, ನೂರೈವತ್ತು ಎನ್ನುವವರಿದ್ದಾರೆ. ಆ ಜಿಲ್ಲೆಗೆ ಇಟ್ಟಿದ್ದ ಹೆಸರು ಗ್ರಾಂಟ್ ಎಂದೇ! ಶಿಕ್ಷೆಯಾದದ್ದು ಮೂವರಿಗೆ. 1876ರಲ್ಲಿ ಸುಪ್ರೀಂ ಕೋರ್ಟು ಅವರನ್ನೂ ಬಿಟ್ಟುಬಿಟ್ಟಿತು. ಸಂವಿಧಾನದ ತಿದ್ದುಪಡಿ ಸರ್ಕಾರದ ಕೈಯನ್ನು ಮಾತ್ರ ಕಟ್ಟುತ್ತದೆ, ಖಾಸಗಿ ಜನರನ್ನಲ್ಲ ಎಂಬುದು ಕೋರ್ಟಿನ ವಾದ. ಆಮೇಲೆ ಅಲ್ಲಿ ನೆಟ್ಟ ಫಲಕ ಈ ಕಗ್ಗೊಲೆಯನ್ನು ಗಲಭೆ ಎಂದು ಕರೆಯಿತು. ಅದನ್ನು ಕಿತ್ತದ್ದು 2021ರಲ್ಲಿ. ಸತ್ತವರ ಹೆಸರು ಕೆತ್ತಿದ ಕಲ್ಲು ನಿಂತದ್ದು 2023ರಲ್ಲಿ. ಒಂದು ಹೆಸರು ಕಲ್ಲಿಗೆ ಬರಲು ನೂರೈವತ್ತು ವರ್ಷ.

ನಮ್ಮನ್ನು ತುಂಬ ಕಾಡಿದ್ದು ಇದು. ಆ 1873ರಲ್ಲೇ ಪುಣೆಯಲ್ಲಿ ಜೋತಿಬಾ ಫುಲೆಯವರು 'ಗುಲಾಮಗಿರಿ' ಪುಸ್ತಕ ಪ್ರಕಟಿಸಿದರು. ಅದನ್ನು ಅರ್ಪಿಸಿದ್ದು ಗುಲಾಮರ ಬಿಡುಗಡೆಗೆ ತ್ಯಾಗ ಮಾಡಿದ ಅಮೆರಿಕದ ಒಳ್ಳೆಯ ಜನರಿಗೆ. ಆಗ ಅಲ್ಲಿ ಅಧ್ಯಕ್ಷನಾಗಿದ್ದವನು ಗ್ರಾಂಟ್. ಇಲ್ಲಿ ಅರ್ಪಣೆ, ಅಲ್ಲಿ ಕಗ್ಗೊಲೆ, ಒಂದೇ ವರ್ಷ. ಹಾಗೆಂದು ಆ ಅರ್ಪಣೆ ಬರಿದಾಯಿತೇ? ನಮಗೆ ಹಾಗೆ ಕಾಣುವುದಿಲ್ಲ. ಕಟ್ಟಿದ ಸರಪಳಿಯನ್ನು ಬಿಚ್ಚಬಹುದು ಎಂಬುದಕ್ಕೆ ಫುಲೆಯವರಿಗೆ ಒಂದು ಸಾಕ್ಷಿ ಬೇಕಿತ್ತು. ಸಾಕ್ಷಿ ನಿಜವಾದದ್ದೇ. ಬಿಚ್ಚಿದ ಸರಪಳಿಯನ್ನು ಮತ್ತೆ ಕಟ್ಟಲು ಬರುತ್ತಾರೆ ಎಂಬುದು ಅದರ ಎರಡನೆಯ ಪುಟ. ಅದನ್ನು ಓದುವ ಕೆಲಸ ನಮ್ಮ ಪಾಲಿಗೆ ಬಂದಿದೆ.

1875ರಲ್ಲಿ ಮಿಸಿಸಿಪ್ಪಿಯ ಚುನಾವಣೆ. ಕಪ್ಪು ಮತದಾರರನ್ನು ಹಗಲು ಹೊತ್ತಿನಲ್ಲೇ, ಮುಸುಕಿಲ್ಲದೆ ಕೊಲ್ಲುತ್ತಿದ್ದರು. ಸೈನ್ಯ ಕಳಿಸಿ ಎಂದು ಗವರ್ನರ್ ಏಮ್ಸ್ ಬೇಡಿಕೊಂಡ. ದಕ್ಷಿಣದ ಈ ಗಲಾಟೆಗಳಿಂದ ಜನಕ್ಕೆ ಸಾಕಾಗಿದೆ ಎಂಬ ಧಾಟಿಯ ಕಾಗದ ಹೋಯಿತೇ ಹೊರತು ಸೈನ್ಯ ಹೋಗಲಿಲ್ಲ. ಆಮೇಲೆ ಮಿಸಿಸಿಪ್ಪಿಯ ಕಪ್ಪು ಸಂಸದ ಜಾನ್ ರಾಯ್ ಲಿಂಚ್ ಇದನ್ನು ನೇರವಾಗಿ ಕೇಳಿದ. ಸೈನ್ಯ ಕಳಿಸಿದರೆ ಓಹಿಯೋದ ಚುನಾವಣೆ ಸೋಲುತ್ತೇವೆ ಎಂದು ಪಕ್ಷದವರು ಹೆದರಿಸಿದರು ಎಂದು ಗ್ರಾಂಟ್ ಒಪ್ಪಿಕೊಂಡನೆಂದು ಲಿಂಚ್ ಬರೆದಿಟ್ಟಿದ್ದಾನೆ. ಓಹಿಯೋ ಉಳಿಯಿತು, ಮಿಸಿಸಿಪ್ಪಿ ಹೋಯಿತು. ಒಂದು ಕಡೆಯ ಮತಕ್ಕಾಗಿ ಇನ್ನೊಂದು ಕಡೆಯ ಹೆಣ. ಗ್ರಾಂಟ್ ಕೆಟ್ಟವನಾಗಿ ಇದನ್ನು ಮಾಡಲಿಲ್ಲ. ಒಳ್ಳೆಯವನಾಗಿದ್ದೂ ಮಾಡಿದ. ಅದಕ್ಕೇ ಇದು ಹೆಚ್ಚು ಭಯದ ಸಂಗತಿ. 1877ರಲ್ಲಿ ಮುಂದಿನ ಅಧ್ಯಕ್ಷ ಹೇಸ್ ಉಳಿದ ಕಾವಲನ್ನೂ ಹಿಂತೆಗೆದ.

ಅವನ ಲೆಕ್ಕದಲ್ಲಿ ಬೇರೆ ಕಪ್ಪು ಚುಕ್ಕೆಗಳೂ ಇವೆ. 1862ರ ಡಿಸೆಂಬರಿನಲ್ಲಿ ತನ್ನ ಸೇನಾ ವಲಯದಿಂದ ಯೆಹೂದಿಗಳನ್ನೆಲ್ಲ ಹೊರಹಾಕುವ ಆಜ್ಞೆ ಹೊರಡಿಸಿದ. ಲಿಂಕನ್ ಅದನ್ನು ರದ್ದು ಮಾಡಿಸಿದ. ಈಲಿ ಪಾರ್ಕರ್‌ನನ್ನು ಬುಡಕಟ್ಟು ಜನರ ಇಲಾಖೆಯ ಮುಖ್ಯಸ್ಥನನ್ನಾಗಿ ಮಾಡಿದ್ದು ನಿಜ. ಆ ಕುರ್ಚಿಯಲ್ಲಿ ಕೂತ ಮೊದಲ ಮೂಲನಿವಾಸಿ ಅವನೇ. ಆದರೆ ಲಕೋಟಾ ಜನರಿಗೆ 1868ರ ಒಪ್ಪಂದದಲ್ಲಿ ಬರೆದುಕೊಟ್ಟಿದ್ದ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳಲ್ಲಿ 1874ರಲ್ಲಿ ಚಿನ್ನ ಕಂಡಿತು. ಚಿನ್ನ ಕಂಡ ಮೇಲೆ ಒಪ್ಪಂದ ಎಲ್ಲಿ ಉಳಿಯುತ್ತೆ? 1876ರಲ್ಲಿ ಯುದ್ಧ, ಮರುವರ್ಷ ಬೆಟ್ಟ ಸರ್ಕಾರದ್ದು. ಅದು ಅನ್ಯಾಯವೆಂದು 1980ರಲ್ಲಿ ಸುಪ್ರೀಂ ಕೋರ್ಟು ಒಪ್ಪಿ, ಹತ್ತು ಕೋಟಿ ಡಾಲರಿಗೂ ಹೆಚ್ಚು ಪರಿಹಾರ ಎತ್ತಿಹಿಡಿಯಿತು. ನಮಗೆ ದುಡ್ಡು ಬೇಡ, ಬೆಟ್ಟ ಕೊಡಿ ಎಂದರು ಲಕೋಟಾಗಳು. ಇನ್ನು ಅವನ ಸುತ್ತ ಸೇರಿದವರಲ್ಲಿ ಲಂಚಕೋರರಿಗೆ ಲೆಕ್ಕವಿರಲಿಲ್ಲ. ವಿಸ್ಕಿ ತೆರಿಗೆ ನುಂಗಿದ ಹಗರಣ 1875ರಲ್ಲಿ ಹೊರಬಿತ್ತು.

ಅಧಿಕಾರ ಬಿಟ್ಟ ಮೇಲೆ ಲೋಕ ಸುತ್ತಲು ಹೊರಟ ಗ್ರಾಂಟ್ 1879ರಲ್ಲಿ ಮುಂಬಯಿಗೂ ಬಂದಿಳಿದ. ಆಗ್ರಾ, ದೆಹಲಿ, ಕಲ್ಕತ್ತ ನೋಡಿದ. ಗವರ್ನರನ ಬಂಗಲೆ, ವೈಸ್‌ರಾಯನ ಔತಣ. ಗುಲಾಮಗಿರಿ ಮುರಿದವನ ದಾರಿ ಒಡೆಯರ ಮನೆಯಿಂದ ಒಡೆಯರ ಮನೆಗೇ ಹೋಯಿತು. ಅದೇ ಮುಂಬಯಿಗೆ ಪುಣೆಯೇನು ದೂರವೇ?

ಕೊನೆಗಾಲ ಮತ್ತೆ ಬಡತನ. 1884ರಲ್ಲಿ ಪಾಲುದಾರನ ಮೋಸದಿಂದ ಕೈಯಲ್ಲಿದ್ದದ್ದೆಲ್ಲ ಹೋಯಿತು. ಗಂಟಲಿಗೆ ಕ್ಯಾನ್ಸರ್ ಹತ್ತಿತು. ಹೆಂಡತಿ ಬೀದಿಗೆ ಬೀಳಬಾರದೆಂದು ನೋವು ನುಂಗಿಕೊಂಡು ಆತ್ಮಕತೆ ಬರೆದ. ಬರೆದು ಮುಗಿಸಿದ ಕೆಲವೇ ದಿನಗಳಲ್ಲಿ, 1885ರ ಜುಲೈ 23ರಂದು, ತೀರಿಕೊಂಡ. ಪ್ರಕಟಿಸಿದ್ದು ಸಾಹಿತಿ ಮಾರ್ಕ್ ಟ್ವೇನ್‌ನ ಸಂಸ್ಥೆ. ಹೆಂಡತಿಗೆ ಸುಮಾರು ನಾಲ್ಕೂವರೆ ಲಕ್ಷ ಡಾಲರ್ ಬಂತು.

ನ್ಯೂಯಾರ್ಕಿನಲ್ಲಿ 1897ರಲ್ಲಿ ಎದ್ದ ಅವನ ಸಮಾಧಿಗೆ ಚಂದಾ ಎತ್ತಿದ ಸಂಘದ ಕಾರ್ಯದರ್ಶಿಯಾಗಿ ದುಡಿದವನು ರಿಚರ್ಡ್ ಗ್ರೀನರ್. ಹಾರ್ವರ್ಡಿನ ಮೊದಲ ಕಪ್ಪು ಪದವೀಧರ. ಸಮಾಧಿಯಿಂದ ನಾಲ್ಕಾರು ಬೀದಿ ದಾಟಿದರೆ ಕೊಲಂಬಿಯಾ ವಿಶ್ವವಿದ್ಯಾಲಯ. 1913ರಿಂದ 1916ರವರೆಗೆ ಬಾಬಾಸಾಹೇಬರು ಓದಿದ್ದು ಅಲ್ಲೇ. ಅದೇ ವಿಶ್ವವಿದ್ಯಾಲಯದಲ್ಲಿ ಆಗ ವಿಲಿಯಂ ಡನ್ನಿಂಗ್ ಎಂಬ ದೊಡ್ಡ ಪ್ರೊಫೆಸರ್ ಇದ್ದ. ಕಪ್ಪು ಜನಕ್ಕೆ ಮತ ಕೊಟ್ಟದ್ದೇ ತಪ್ಪು, ಗ್ರಾಂಟನ ಕಾಲವೆಂದರೆ ಬರೀ ಲೂಟಿಯ ಕಾಲ ಎಂಬ ಚರಿತ್ರೆ ಅವನ ಮತ್ತು ಅವನ ಶಿಷ್ಯರ ಲೇಖನಿಯಿಂದ ದೇಶವೆಲ್ಲ ಹರಡಿತು. ಗ್ರಾಂಟ್ ಕುಡುಕ, ಕಟುಕ, ದಡ್ಡ ಎಂಬ ಮಾತು ಗಟ್ಟಿಯಾಗಿ ಉಳಿಯಿತು. ಅದನ್ನು ಎದುರಿಸಿ 1935ರಲ್ಲಿ ದೊಡ್ಡ ಗ್ರಂಥ ಬರೆದವನು ಕಪ್ಪು ವಿದ್ವಾಂಸ ಡು ಬೋಯಿಸ್. 1946ರಲ್ಲಿ ಬಾಬಾಸಾಹೇಬರು ಕಾಗದ ಬರೆದದ್ದು ಇದೇ ಡು ಬೋಯಿಸ್‌ಗೆ. ಕಪ್ಪು ಜನ ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಬೇಕೆಂದು ಕೇಳಿದ್ದರು. ಸೋತವರ ಚರಿತ್ರೆ ಬರೆಯುವವರು ಒಬ್ಬರನ್ನೊಬ್ಬರು ಹೀಗೆ ಹುಡುಕಿಕೊಳ್ಳುತ್ತಾರೆ.

ಆದ್ದರಿಂದ ಹಳ್ಳಿ ಶಾಲೆಗಳಲ್ಲಿ ಪಾಠ ಹೇಳುವ ಗೆಳೆಯರಲ್ಲಿ ಒಂದು ಮಾತು. ಲಿಂಕನ್ ಪಾಠ ಮುಗಿದ ಕೂಡಲೇ ಪುಸ್ತಕ ಮಡಿಚಬೇಡಿ. ಇನ್ನೊಂದು ಹತ್ತು ನಿಮಿಷ ನಿಂತು 1871ನ್ನೂ 1875ನ್ನೂ ಹೇಳಿ. ಒಂದೇ ದೇಶ, ಒಂದೇ ಸಂವಿಧಾನ, ಒಬ್ಬನೇ ಅಧ್ಯಕ್ಷ. ಮೊದಲ ಸಲ ಕಾನೂನು ಕುದುರೆ ಏರಿ ಬಂತು, ಎರಡನೆಯ ಸಲ ಕಾಗದವಾಗಿ ಬಂತು. ಎರಡರ ನಡುವೆ ಅಕ್ಷರ ಒಂದೂ ಬದಲಾಗಿರಲಿಲ್ಲ. ಬದಲಾದದ್ದು ಆಳುವವರ ಮೇಲಿದ್ದ ಒತ್ತಡ. ಕಪ್ಪು ಜನರ ಬದಲು ಓಹಿಯೋದ ಬಿಳಿಯರು ಒತ್ತಿದರು, ತಕ್ಕಡಿ ಅತ್ತ ವಾಲಿತು. ಒಳ್ಳೆಯ ದೊರೆ ಬರಲಿ ಎಂದು ಕಾಯುತ್ತ ಕೂರುವವರಿಗೆ ಇದಕ್ಕಿಂತ ದೊಡ್ಡ ಪಾಠ ಯಾವುದಿದೆ?

ಆದರೆ ಕಾನೂನು ಬರೆದದ್ದೂ ವ್ಯರ್ಥವಲ್ಲ. 1870ರಲ್ಲಿ ಬರೆದ ಮತದ ಹಕ್ಕಿಗೆ ಹಲ್ಲು ಬಂದದ್ದು 1965ರಲ್ಲಿ, ತೊಂಬತ್ತೈದು ವರ್ಷದ ಮೇಲೆ. ಅದೂ ತಾನಾಗಿ ಬರಲಿಲ್ಲ. ಸೆಲ್ಮಾದ ಸೇತುವೆಯ ಮೇಲೆ ಲಾಠಿ ತಿಂದವರು ತಂದರು. ಹಾಗೆಯೇ ಕ್ಲಾನ್ ವಿರುದ್ಧ ಗ್ರಾಂಟ್ ಸಹಿ ಹಾಕಿದ 1871ರ ಕಾನೂನಿನ ಒಂದು ಕಲಮು ಇವತ್ತಿಗೂ ಬದುಕಿದೆ. ಅಮೆರಿಕದಲ್ಲಿ ಪೊಲೀಸನೊಬ್ಬ ಬಡವನ ಮೈಮೇಲೆ ಕೈ ಮಾಡಿದರೆ, ಆ ಬಡವ ಅವನನ್ನು ಕೋರ್ಟಿಗೆ ಎಳೆಯುವುದು ಆ ಕಲಮಿನ ಅಡಿಯಲ್ಲೇ. ಎಲ್ಲ ಸಲ ಗೆಲ್ಲುವುದಿಲ್ಲ. ಆದರೂ ನೂರೈವತ್ತು ವರ್ಷ ಹಳೆಯ ಆ ಹತಾರವನ್ನು ಯಾರೋ ದಿನವೂ ಕೈಗೆ ತೆಗೆದುಕೊಳ್ಳುತ್ತಲೇ ಇದ್ದಾರೆ, ತುಕ್ಕು ಹಿಡಿಯಲು ಬಿಟ್ಟಿಲ್ಲ.